‘ಎತ್ತು’ ಅಂದದ್ದು ‘ಹತ್ತು’ ಕೇಳಿಸಿತು: ಗದ್ದಲದ ಜಾಗಕ್ಕೊಂದು ಹೆಡ್‌ಸೆಟ್ ಕಟ್ಟಿದ ಕಥೆ

ಅಕ್ಕನ ಮಗ ಶಂಷಾಬಾದ್ ವಿಮಾನ ನಿಲ್ದಾಣದಲ್ಲಿ ಗ್ರೌಂಡ್ ಹ್ಯಾಂಡ್ಲಿಂಗ್ ಕೆಲಸದಲ್ಲಿದ್ದಾನೆ. ಯುಗಾದಿಗೆ ಊರಿಗೆ ಬಂದವನು ಕಲಬುರಗಿಯ ನನ್ನ ಮೈಕ್‌ಸೆಟ್ ರಿಪೇರಿ ಅಂಗಡಿಯಲ್ಲಿ ಚಹಾ ಕುಡೀತಾ ಕೂತು ಒಂದು ಮಾತು ಅಂದ: “ಮಾಮಾ, ನಿನ್ನ ಬಲ್ಲಿ ಇಷ್ಟು ಮೈಕ್ ಅವ. ನಾವು ಮಾತ್ರ ವಿಮಾನದ ಮೂಗಿಗಿ ವಾಯರ್ ಚುಚ್ಚಿಕೊಂಡು ಅದರ ಜೋಡಿ ನಡಿಲತ್ತೀವಿ.”

ಹಾಗಂದರೇನು ಅಂತ ಬಿಡಿಸಿ ಹೇಳಿದ. ವಿಮಾನವನ್ನು ಟಗ್ ಎಂಬ ಗಾಡಿ ಹಿಂದಕ್ಕೆ ತಳ್ಳುವಾಗ ಕೆಳಗಿನ ಒಬ್ಬ ಮಾತ್ರ ಪೈಲಟ್ ಜೊತೆ ಮಾತಾಡುತ್ತಾನೆ. ಮೂಗಿನ ಗಾಲಿಯ ಹತ್ತಿರ ಒಂದು ಜ್ಯಾಕ್ ಇರುತ್ತದೆ, ಅವನ ಹೆಡ್‌ಸೆಟ್ಟಿನ ವಾಯರ್ ಅದಕ್ಕೆ. ರೆಕ್ಕೆಯ ತುದಿ ಕಾಯುವವರು, ಟಗ್ ಓಡಿಸುವವನು, ಇವರೆಲ್ಲ ಕೈಸನ್ನೆಯ ಮೇಲೆ. ತಳ್ಳಿದ್ದು ಮುಗಿದ ಮೇಲೆ ವಾಯರ್ ಕಿತ್ತು, ತಳ್ಳುವಾಗ ಮೂಗಿನ ಗಾಲಿಯ ಸ್ಟೀರಿಂಗ್ ತಪ್ಪಿಸಿಡುವ, ಕೆಂಪು ಪಟ್ಟಿ ಕಟ್ಟಿದ ಬೈಪಾಸ್ ಪಿನ್ನನ್ನು ಎತ್ತಿ ಹಿಡಿದು ಪೈಲಟ್‌ಗೆ ತೋರಿಸಬೇಕು. ಅಲ್ಲಿಗೆ ಮಾತು ಬಂದ್. ವೈರ್‌ಲೆಸ್ ಹೆಡ್‌ಸೆಟ್‌ಗಳು ಈಗ ಇವೆ, ಕಾರ್ಡ್‌ಲೆಸ್ ಫೋನಿನ ಡೆಕ್ಟ್ ತಂತ್ರದ ಮೇಲೆ ನಡೆಯುತ್ತವೆ, ಎಲ್ಲರೂ ಒಟ್ಟಿಗೆ ಮಾತಾಡಬಹುದು, ಒಟ್ಟಿಗೆ ಕೇಳಬಹುದು. ಇವನ ಪಾಳಿಗೆ ಅವು ಇನ್ನೂ ಬಂದಿಲ್ಲ.

ಗದ್ದಲ ಎಷ್ಟು ಅಂತ ಕೇಳಿದೆ. “ಎಟಿಆರ್ 72 ನೋಡು ಮಾಮಾ, ಅದಕ್ಕ ಬಾಲದಾಗ ಸಣ್ಣ ಎಂಜಿನ್ ಇಲ್ಲ. ನಿಂತಾಗ ಕರೆಂಟ್ ಬೇಕಂದ್ರ ಬಲಗಡೆ ಎಂಜಿನ್ ಚಾಲೂ ಇಟ್ಟು ಫ್ಯಾನಿಗಷ್ಟೇ ಬ್ರೇಕ್ ಹಾಕ್ತಾರ. ಹೋಟೆಲ್ ಮೋಡ್ ಅಂತಾರ ಅದಕ್ಕ. ಫ್ಯಾನ್ ತಿರುಗಂಗಿಲ್ಲ, ಎಂಜಿನ್ ಮಾತ್ರ ಕಿವಿ ಹರೀತದ.” ಹೋಟೆಲಿನಷ್ಟು ಆರಾಮ ಕೆಳಗಿನವರಿಗೆ ಸಿಕ್ಕಂತಿಲ್ಲ.

ನನಗೆ ವಿಮಾನದ ಗದ್ದಲ ಹೊಸದಲ್ಲ. ನನ್ನ ಹೆಂಡತಿಯ ತವರು ಬೀದರ್. ಅಲ್ಲಿ ವಾಯುಪಡೆ ನೆಲೆಯಿಂದ ಹಾಕ್ ವಿಮಾನ ಎದ್ದರೆ ಜನ ಮಾತನ್ನು ಅರ್ಧಕ್ಕೇ ನಿಲ್ಲಿಸಿ, ಅದು ದಾಟಿದ ಮೇಲೆ ನಿಲ್ಲಿಸಿದ ಶಬ್ದದಿಂದಲೇ ಮುಂದುವರಿಸುತ್ತಾರೆ. ನನ್ನ ಮಾವನವರು ಅದರಲ್ಲಿ ನಿಪುಣರು. ಆದರೆ ವಿಮಾನ ನಿಲ್ಲುವ ಏಪ್ರನ್ ಮೇಲೆ ನಿಂತವನಿಗೆ ಮಾತು ಹಾಗೆ ತಡೆದು ಇಟ್ಟುಕೊಳ್ಳಲು ಬರುವುದಿಲ್ಲ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಾನು ಕಟ್ಟಿದ ಪೆಟ್ಟಿಗೆ ವಿಮಾನ ನಿಲ್ದಾಣದೊಳಗೆ ಹೋಗುವ ವಸ್ತುವಲ್ಲ, ಹೋಗಲೂಬಾರದು. ಅಲ್ಲಿ ಇಂಧನದ ಆವಿ ಇರುತ್ತದೆ, ಭದ್ರತೆಯ ತಪಾಸಣೆ ಇರುತ್ತದೆ, ಪರೀಕ್ಷೆಯಾಗಿ ಮುದ್ರೆ ಬಿದ್ದ ಸಾಮಾನಿಗಷ್ಟೇ ಜಾಗ. ವಿಮಾನದ ರೇಡಿಯೊ ನಡೆಯುವ 118ರಿಂದ 137 ಮೆಗಾಹರ್ಟ್ಸ್ ಪಟ್ಟಿಯ ಹತ್ತಿರವೂ ಸುಳಿಯಲಿಲ್ಲ. ನನ್ನದು 2.4 ಗಿಗಾಹರ್ಟ್ಸ್, ವೈಫೈ ನಡೆಯುವ ಲೈಸೆನ್ಸ್ ಬೇಡದ ಜಾಗ. ಪರೀಕ್ಷೆಗೆ ಕಲಬುರಗಿಯಲ್ಲಿ ಗದ್ದಲದ ಬರವೇನೂ ಇಲ್ಲ: ಕಪನೂರ ಕೈಗಾರಿಕಾ ಪ್ರದೇಶದಲ್ಲಿ ನನ್ನ ಹಳೆಯ ಗಿರಾಕಿಯೊಬ್ಬರ ದಾಲ್ ಮಿಲ್ ಇದೆ.

ಮಿಲ್ಲಿನಲ್ಲಿ ಮೊದಲ ದಿನ

ಅಲ್ಲಿ ಮೂವರಿಗೆ ಮಾತು ಬೇಕು. ಲಾರಿಯ ಹತ್ತಿರ ತೊಗರಿ ಸುರಿಯುವ ಹಮಾಲ, ಕೆಳಗೆ ಕಾಳು ಮೇಲಕ್ಕೆ ಒಯ್ಯುವ ಎಲಿವೇಟರಿನ ತಗ್ಗಿನ ಬಳಿ ನಿಂತವನು, ಮೇಲಿನ ಮಹಡಿಯಲ್ಲಿ ಜರಡಿ ನೋಡುವ ಮಿಸ್ತ್ರಿ. ಇಲ್ಲಿಯವರೆಗೆ ಸಿಳ್ಳೆ, ಟಾರ್ಚು, ಇಲ್ಲವಾದರೆ ಮೆಟ್ಟಿಲು ಹತ್ತಿ ಹೋಗಿ ಕಿವಿಯಲ್ಲಿ ಕೂಗುವುದು. ತೊಗರಿ ಸಿಪ್ಪೆ ತೆಗೆಯುವ ಎಮರಿ ರೋಲರ್ ಪಕ್ಕ ಮೊಬೈಲ್ ಹಿಡಿದರೆ 97 ಡೆಸಿಬೆಲ್ ತೋರಿಸಿತು. ಇಷ್ಟು ಜೋರಿಗೆ ಮೊಬೈಲಿನ ಮೈಕ್ ನಂಬುವಂಥದ್ದಲ್ಲ, ಅಂದಾಜು ಅಂತಿಟ್ಟುಕೊಳ್ಳಿ. ಅಮೆರಿಕದ ಕೆಲಸಗಾರರ ಆರೋಗ್ಯ ಸಂಸ್ಥೆ ಎನ್‌ಐಒಎಸ್‌ಎಚ್ ಲೆಕ್ಕದ ಪ್ರಕಾರ 85 ಡೆಸಿಬೆಲ್ಲಿನಲ್ಲಿ ದಿನಕ್ಕೆ 8 ತಾಸು ಇರಬಹುದು, ಪ್ರತಿ 3 ಡೆಸಿಬೆಲ್ ಏರಿದಂತೆ ಹೊತ್ತು ಅರ್ಧ. 97 ಅಂದರೆ ಅರ್ಧ ತಾಸು. ಮಿಸ್ತ್ರಿ ಅಲ್ಲಿ ಹದಿನೈದು ವರ್ಷದಿಂದ ನಿಂತಿದ್ದಾನೆ, ಕಿವಿಗೆ ಹತ್ತಿ.

ಮೊದಲು ಸುಲಭದ ದಾರಿ ನೋಡಿದೆ. ಮಾತಾಡಿದರೆ ತಾನೇ ಚಾಲೂ ಆಗುವ, ವಾಕ್ಸ್ ಗುಂಡಿಯ ವಾಕಿಟಾಕಿ ಗೆಳೆಯನಿಂದ ತಂದು ಹಿಡಿದೆ. ರೋಲರ್ ಶುರುವಾದದ್ದೇ ತಡ, ಸೆಟ್ ಕೆಂಪು ದೀಪ ಹಚ್ಚಿಕೊಂಡು ಕೂತಿತು. ಅದಕ್ಕೆ ಮಿಲ್ಲೂ ಒಂದು ಬಾಯಿಯೇ. ಅದು ಬಿಡುವುದಿಲ್ಲ, ಇನ್ನೊಬ್ಬ ಮಾತಾಡುವಂತಿಲ್ಲ.

ಈ ‘ಒಬ್ಬನೇ ಮಾತಾಡಬೇಕು’ ಅನ್ನುವುದು ಸಣ್ಣ ತೊಡಕಲ್ಲ. 1977ರ ಮಾರ್ಚ್ 27ರಂದು ಟೆನೆರಿಫ್ ದ್ವೀಪದಲ್ಲಿ ಮಂಜಿನ ನಡುವೆ ಎರಡು 747 ವಿಮಾನ ರನ್‌ವೇ ಮೇಲೇ ಡಿಕ್ಕಿಯಾಗಿ 583 ಜನ ಸತ್ತರು. ಕಾರಣ ಹಲವು. ಅದರಲ್ಲೊಂದು, ಟವರ್ ಮತ್ತು ಇನ್ನೊಂದು ವಿಮಾನ ಒಂದೇ ಗಳಿಗೆಯಲ್ಲಿ ಗುಂಡಿ ಒತ್ತಿದ್ದು. ಎರಡು ಮಾತೂ ಒಂದರ ಮೇಲೊಂದು ಬಿದ್ದು ಕೇಳಬೇಕಾದವರಿಗೆ ಬರೀ ಕೀಚಲು ಕೇಳಿಸಿತು. ಅಳಿಯನಿಗೆ ಇದನ್ನು ತರಬೇತಿಯಲ್ಲಿ ಹೇಳಿಕೊಟ್ಟಿದ್ದರಂತೆ. ಹಾಗಾಗಿ ನನ್ನ ಮೊದಲ ಷರತ್ತು ಇದೇ ಆಯಿತು: ಮೂವರೂ ಒಟ್ಟಿಗೆ ಬಾಯಿ ತೆಗೆದರೂ ಮೂರೂ ದನಿ ಕೇಳಬೇಕು.

ಪೆಟ್ಟಿಗೆಯೊಳಗೆ ಏನಿದೆ

ವೈಫೈ ಇರುವ ಇಎಸ್‌ಪಿ32 ಎಂಬ ಪುಟ್ಟ ಕಂಪ್ಯೂಟರ್ ಬೋರ್ಡು, ಅದರ ಇಎಸ್‌ಪಿ-ನೌ ವಿಧಾನ. ವೈಫೈ ರೂಟರ್ ಬೇಡ, ಒಂದು ಬೋರ್ಡು ಕೂಗಿದ್ದನ್ನು ಉಳಿದವೆಲ್ಲ ನೇರ ಕೇಳುತ್ತವೆ. ತೊಂದರೆ ಏನೆಂದರೆ ನಾನು ಬಳಸಿದ ಅದರ ಮೊದಲ ಆವೃತ್ತಿಯಲ್ಲಿ ಒಂದು ಸಲಕ್ಕೆ ಕಳಿಸುವ ಪೊಟ್ಟಣದಲ್ಲಿ 250 ಬೈಟಿಗಿಂತ ಹೆಚ್ಚು ತುಂಬುವಂತಿಲ್ಲ, ಮತ್ತು ಎಲ್ಲರಿಗೂ ಒಟ್ಟಿಗೆ ಕಳಿಸಿದ್ದಕ್ಕೆ ‘ಮುಟ್ಟಿತು’ ಅನ್ನುವ ರಸೀದಿ ಬರುವುದಿಲ್ಲ. ತಗಡಿನ ಗೋಡೆ, ಕಬ್ಬಿಣದ ಎಲಿವೇಟರ್ ನಡುವೆ ಪೊಟ್ಟಣ ಕಳೆಯುವುದು ಗ್ಯಾರಂಟಿ.

ಇಲ್ಲಿ ಒಂದು ರಾತ್ರಿ ಕಾಗದ ಹಿಡಿದು ಕೂತೆ. ದನಿಯನ್ನು ಎಡಿಪಿಸಿಎಂ ಎಂಬ ವಿಧಾನದಿಂದ ಒತ್ತಿ ಚಿಕ್ಕದು ಮಾಡಿ ಒಂದು ಸ್ಯಾಂಪಲ್‌ಗೆ, ಅಂದರೆ ದನಿಯ ಒಂದು ಅಳತೆಗೆ, 4 ಬಿಟ್‌ಗೆ ಇಳಿಸಿದರೆ, 16 ಕಿಲೋಹರ್ಟ್ಸ್‌ನಲ್ಲಿ (ಸೆಕೆಂಡಿಗೆ 16 ಸಾವಿರ ಅಳತೆ) 20 ಮಿಲಿಸೆಕೆಂಡಿನ ಮಾತಿಗೆ 160 ಬೈಟ್. ಪೊಟ್ಟಣದಲ್ಲಿ ಹಿಡಿಸುತ್ತದೆ, ಆದರೆ ಕಳೆದರೆ ಹೋಯಿತು. 8 ಕಿಲೋಹರ್ಟ್ಸ್‌ಗೆ ಇಳಿಸಿದರೆ 80 ಬೈಟ್, ಹಿಂದಿನ ತುಂಡನ್ನೂ ಜೊತೆಗೆ ಕಟ್ಟಿ ಕಳಿಸಬಹುದು. ಆದರೆ ಅದರ ಅರ್ಧದವರೆಗಿನ ಸದ್ದಷ್ಟೇ ಉಳಿಯುವುದರಿಂದ 4 ಕಿಲೋಹರ್ಟ್ಸ್ ಮೇಲಿನದೆಲ್ಲ ಹೋಗುತ್ತದೆ, ಸಕಾರ ಶಕಾರಗಳ ಜೀವ ಇರುವುದೇ ಅಲ್ಲಿ. ನಡುವಿನ 12 ಕಿಲೋಹರ್ಟ್ಸ್ ಹಿಡಿದೆ: ಒಂದು ತುಂಡು 120 ಬೈಟ್, ಎರಡು ಸೇರಿ 240, ಎರಡಕ್ಕೂ ಎಡಿಪಿಸಿಎಂ ಆರಂಭದ ಸ್ಥಿತಿ ಮೂರು ಮೂರು ಬೈಟ್, ಸೆಟ್ಟಿನ ಗುರುತು ಒಂದು, ಕ್ರಮಸಂಖ್ಯೆ ಒಂದು. ಒಟ್ಟು 248. ಎರಡು ಬೈಟ್ ಉಳಿಯಿತು. ಸಂತೆಗೆ ಹೋಗಿ ಬಸ್ ಚಾರ್ಜಿಗೆ ಸರಿಯಾಗಿ ರೊಕ್ಕ ಉಳಿದಷ್ಟು ಖುಷಿ. ಈಗ ಯಾವ ಪೊಟ್ಟಣ ಕಳೆದರೂ ಮುಂದಿನದರಲ್ಲಿ ಅದರ ನಕಲು ಇರುತ್ತದೆ. ಸಾಲಾಗಿ ಎರಡು ಕಳೆದರೆ ಮಾತ್ರ ಮಾತು ತುಂಡಾಗುತ್ತದೆ.

ಕೇಳುವ ಕಡೆ ಮ್ಯಾಕ್ಸ್98357 ಆಂಪ್ಲಿಫೈಯರ್, ಕಾರ್ಖಾನೆಯ ಇಯರ್‌ಮಫ್ ಒಳಗೆ ಸಣ್ಣ ಸ್ಪೀಕರ್. ಬಿಡಿಭಾಗ ಹೈದರಾಬಾದಿನ ಕೋಟಿ ಗುಜರಾತಿ ಗಲ್ಲಿಯಿಂದ ಅಳಿಯನೇ ತಂದ, ಕೆಲವು ಆನ್‌ಲೈನ್. ಒಂದು ಸೆಟ್ಟಿಗೆ ಎರಡು ಸಾವಿರದ ಮೇಲೆ ಬಿತ್ತು.

ಮೈಕ್: ಮೂರು ಸಲ ಬದಲಾಯಿಸಿದ್ದು

ಮೊದಲಿಗೆ ಐಎನ್‌ಎಂಪಿ441 ಡಿಜಿಟಲ್ ಮೈಕ್ ಹಾಕಿದೆ. ಸ್ವಚ್ಛ ಮೈಕ್, ಆದರೆ ಎಲ್ಲ ದಿಕ್ಕಿನ ಸದ್ದನ್ನೂ ಸಮನಾಗಿ ಹಿಡಿಯುತ್ತದೆ. ಜೊತೆಗೆ 120 ಡೆಸಿಬೆಲ್ ದಾಟಿದರೆ ಅದರ ಕೈಯಲ್ಲಿ ಆಗುವುದಿಲ್ಲ, ಅಲೆಯ ತಲೆ ಕತ್ತರಿಸಿಬಿಡುತ್ತದೆ. ಮಿಲ್ಲಿಗೆ ನಡೆದೀತು, ಜೆಟ್ ಎಂಜಿನ್ ಬಳಿ ನಡೆಯದು.

ಆಮೇಲೆ ಗಂಟಲಿಗೆ ಕಟ್ಟುವ ಮೈಕ್. ಗಂಟಲಿನ ಕಂಪನವನ್ನಷ್ಟೇ ಹಿಡಿಯುತ್ತದೆ, ಹೊರಗಿನ ಗದ್ದಲ ಹತ್ತಿರ ಸುಳಿಯುವುದಿಲ್ಲ. ಪವಾಡ ಅನ್ನಿಸಿತು. ಮಿಸ್ತ್ರಿ ಮಾತಾಡಿದ ಮೇಲೆ ಗೊತ್ತಾಯಿತು: ಗಂಟಲಲ್ಲಿ ಹುಟ್ಟುವುದು ಸ್ವರ ಮಾತ್ರ. ಪ, ತ, ಸ, ಶ ಇವೆಲ್ಲ ತುಟಿ, ಹಲ್ಲು, ನಾಲಿಗೆಯ ಕೆಲಸ, ಗಂಟಲ ಪಟ್ಟಿಗೆ ಅವು ಮುಟ್ಟುವುದೇ ಇಲ್ಲ. ‘ತೊಗರಿ ಸಾಕು’ ಅಂದದ್ದು ‘ಒಅಇ ಆಉ’ ಅಂತ ಬಂತು. ಮೇಲಾಗಿ ಏಪ್ರಿಲ್ ಬಿಸಿಲಲ್ಲಿ ಕೊರಳಿಗೆ ಪಟ್ಟಿ ಕಟ್ಟಿಕೊಂಡು ದುಡಿ ಅಂತ ಯಾವ ಬಾಯಿಯಿಂದ ಹೇಳಲಿ? ಹಮಾಲ ಹತ್ತು ನಿಮಿಷಕ್ಕೆ ಬಿಚ್ಚಿ ಕೈಗೆ ಕೊಟ್ಟ.

ಮೂರನೆಯದು ನಿಂತಿತು: ಕೆಟ್ಟುಹೋದ ಕಾಲ್‌ಸೆಂಟರ್ ಹೆಡ್‌ಸೆಟ್ಟಿನಿಂದ ಕಿತ್ತ, ಮುಂದೂ ಹಿಂದೂ ತೂತಿರುವ ಮೈಕ್ ಗುಂಡಿ. ವಿಮಾನದ ಹೆಡ್‌ಸೆಟ್ಟಿನ ಗುಟ್ಟೂ ಇದೇ. ದೂರದ ಗದ್ದಲ ಎರಡೂ ತೂತಿಗೆ ಸಮನಾಗಿ ಬಂದು, ಒಳಗಿನ ಪರದೆಯನ್ನು ಎರಡೂ ಕಡೆಯಿಂದ ಒತ್ತಿ, ತನ್ನನ್ನು ತಾನೇ ರದ್ದು ಮಾಡಿಕೊಳ್ಳುತ್ತದೆ. ತುಟಿ ಮುಂದಿನ ತೂತಿಗೆ ಹತ್ತಿರ ಇರುವುದರಿಂದ ಮಾತು ಮಾತ್ರ ಪರದೆಯನ್ನು ಅಲುಗಿಸುತ್ತದೆ. ಆದರೆ ತುಟಿಗೆ ತಾಗುವಷ್ಟು ಹತ್ತಿರ ಇರಲೇಬೇಕು. ಎರಡು ಬೆರಳು ದೂರ ಸರಿಸಿದರೆ ಮಾತೂ ‘ದೂರದ ಗದ್ದಲ’ದ ಪಟ್ಟಿಗೆ ಸೇರಿ ಹೋಗುತ್ತದೆ. ನಮ್ಮೂರ ಭಾಷಣಕಾರರ ಹಾಗೆ ಮೈಕ್ ದೂಡಿ ಮಾತಾಡುವ ರೂಢಿಯವರಿಗೆ ಇದನ್ನು ತಿಳಿಸಲು ಒಂದು ವಾರ ಬೇಕಾಯಿತು.

ಬಾಗಿಲು ಯಾವಾಗ ತೆರೆಯಬೇಕು

ಕೈ ಖಾಲಿ ಇರಬೇಕು, ಗುಂಡಿ ಒತ್ತುವಂತಿಲ್ಲ. ಆದ್ದರಿಂದ ಮಾತು ಶುರುವಾದದ್ದನ್ನು ಪೆಟ್ಟಿಗೆಯೇ ತಿಳಿಯಬೇಕು. ಇಷ್ಟು ಜೋರು ದಾಟಿದರೆ ಮಾತು ಅಂತ ಗೆರೆ ಎಳೆದರೆ ವಾಕಿಟಾಕಿಯ ಗತಿಯೇ. ಅದಕ್ಕೆ ಎರಡು ಮೈಕ್ ಇಟ್ಟೆ: ಒಂದು ತುಟಿಗೆ, ಒಂದು ಇಯರ್‌ಮಫ್ ಹೊರಗೆ. ಎರಡನ್ನೂ ಪಿಸಿಎಂ1808 ಚಿಪ್ ಮೂಲಕ ಎಡ ಬಲ ಅಂತ ಒಳಗೆ ತಂದು ಹೋಲಿಸುವುದು. ಗದ್ದಲ ಏರಿದರೆ ಎರಡೂ ಏರುತ್ತವೆ. ತುಟಿಯದು ಮಾತ್ರ 9 ಡೆಸಿಬೆಲ್ ಮೇಲಕ್ಕೆ ಹೋದರೆ ಅದು ಮಾತು, ದನಿ ಹೊರಗೆ ಕಳಿಸುವ ಬಾಗಿಲು ತೆರೆ.

ಕೆಲಸ ಮಾಡಲಿಲ್ಲ. ಅಂಗಡಿಯಲ್ಲಿ ಚಂದ, ಮಿಲ್ಲಿನಲ್ಲಿ ಬಾಗಿಲು ತೆರೆಯುವುದೇ ಇಲ್ಲ. ಎರಡು ಭಾನುವಾರ ಕೋಡಿನಲ್ಲಿ ತಪ್ಪು ಹುಡುಕಿದೆ. ತಪ್ಪು ಕೋಡಿನಲ್ಲಿರಲಿಲ್ಲ. ಮೈಕಿಗೆ ನಾನು ಹಾಕಿದ್ದು ಅದರ ಸಣ್ಣ ದನಿಯನ್ನು ದೊಡ್ಡದು ಮಾಡುವ ಮ್ಯಾಕ್ಸ್9814 ಪ್ರಿಆಂಪ್. ಅದರೊಳಗೆ ಗೇನ್, ಅಂದರೆ ಎಷ್ಟು ಪಟ್ಟು ದೊಡ್ಡದು ಮಾಡಬೇಕು ಅನ್ನುವುದನ್ನು, ತಾನೇ ಏರಿಳಿಸುವ ವ್ಯವಸ್ಥೆ ಇದೆ. ಜೋರಿದ್ದುದನ್ನು ತಗ್ಗಿಸಿ, ಮೆಲ್ಲಗಿದ್ದುದನ್ನು ಏರಿಸಿ, ಎರಡೂ ಮೈಕನ್ನು ಒಂದೇ ಎತ್ತರಕ್ಕೆ ತಂದು ನಿಲ್ಲಿಸುತ್ತಿತ್ತು. ನಾನು ಹುಡುಕುತ್ತಿದ್ದ ವ್ಯತ್ಯಾಸವನ್ನೇ ಅದು ಸಮ ಮಾಡಿ ಅಳಿಸುತ್ತಿತ್ತು. ಇಪ್ಪತ್ತು ವರ್ಷ ಮೈಕ್‌ಸೆಟ್ ಬಿಚ್ಚಿದವನಿಗೆ ಇದು ಮೊದಲೇ ಹೊಳೆಯಬೇಕಿತ್ತು. ಗೇನ್ ಕದಲದ ಮ್ಯಾಕ್ಸ್4466 ಹಾಕಿದೆ, ಟ್ರಿಮ್ಮರ್ ಕಡಿಮೆಗೆ ತಿರುಗಿಸಿದೆ. ಬಾಗಿಲು ಸರಿಯಾಯಿತು.

ಮುಂದಿನದು ಮೊದಲ ಅಕ್ಷರದ ಕಥೆ. ಮಾತು ಅಂತ ಖಾತ್ರಿಯಾಗಲು 30 ಮಿಲಿಸೆಕೆಂಡ್ ಬೇಕು, ಅಷ್ಟರಲ್ಲಿ ಮೊದಲ ವ್ಯಂಜನ ಹೋಗಿರುತ್ತದೆ. ಹಾಗಾಗಿ ಕೊನೆಯ 60 ಮಿಲಿಸೆಕೆಂಡಿನ ದನಿಯನ್ನು ಸದಾ ಕೈಯಲ್ಲಿ ಇಟ್ಟುಕೊಂಡು, ಬಾಗಿಲು ತೆರೆದಾಗ ಅಲ್ಲಿಂದಲೇ ಕಳಿಸುವುದು. ಎಲ್ಲ ಸೇರಿ ಮಾತು ಮುಟ್ಟಲು ಸೆಕೆಂಡಿನ ಎಂಟನೇ ಒಂದು ಭಾಗ ತಡ. ಯಾರಿಗೂ ಗೊತ್ತಾಗಲಿಲ್ಲ.

ಬಾಗಿಲು ಮುಚ್ಚುವುದು ಇನ್ನೂ ಮಜಾ. ಮಾತು ನಿಂತ 150 ಮಿಲಿಸೆಕೆಂಡಿಗೆ ಮುಚ್ಚಲಿ ಅಂತ ಇಟ್ಟಿದ್ದೆ. ಇಂಗ್ಲಿಷಿನಲ್ಲಿ ‘ಒನ್, ಟೂ’ ಅಂದರೆ ಸರಿ ಇರುತ್ತಿತ್ತು. ಮಿಸ್ತ್ರಿ ಕನ್ನಡದಲ್ಲಿ ಶುರು ಮಾಡಿದರೆ ಶಬ್ದದ ನಡುವೆ ಬಾಗಿಲು ಬಡಿಯುತ್ತಿತ್ತು. ‘ಎತ್ತು’ ಅಂತ ನೀವೇ ಅಂದು ನೋಡಿ: ‘ಎ’ ಆದ ಮೇಲೆ ನಾಲಿಗೆ ಹಲ್ಲಿಗೆ ಒತ್ತಿಕೊಂಡು ಒಂದು ಗಳಿಗೆ ಪೂರ್ತಿ ಮೌನ, ಆಮೇಲೆ ‘ತು’. ನಮ್ಮ ಒತ್ತಕ್ಷರವೆಂದರೆ ಅರ್ಧ ಮೌನವೇ. ಹೊತ್ತು 450 ಮಿಲಿಸೆಕೆಂಡಿಗೆ ಏರಿಸಿದ ಮೇಲೆ ಅಪ್ಪ, ಅಕ್ಕ, ಕತ್ತಿ, ಹತ್ತಿ ಎಲ್ಲ ಪೂರ್ತಿ ಬಂದವು.

ಕರೆಂಟ್ ಇಲ್ಲದ ಕರೆಂಟಿನ ಗುಂಯ್

ಮಾತಾಡಿದಾಗಲೆಲ್ಲ ಹಿಂದೆ ಗುಂಯ್ ಅಂತ 50 ಹರ್ಟ್ಸ್ ಸದ್ದು. ಮೈಕ್‌ಸೆಟ್‌ನವನಿಗೆ 50 ಹರ್ಟ್ಸ್ ಅಂದರೆ ಮನೆ ಕರೆಂಟು, ಅರ್ಥಿಂಗ್ ದೋಷ. ಆದರೆ ಪೆಟ್ಟಿಗೆ ಬ್ಯಾಟರಿಯ ಮೇಲೆ ಇತ್ತು. ಬಯಲಿಗೆ ಒಯ್ದೆ, ಕಂಬ, ತಂತಿ ಏನೂ ಇಲ್ಲದ ತೊಗರಿ ಹೊಲಕ್ಕೆ. ಅಲ್ಲೂ ಗುಂಯ್! ಕೊನೆಗೆ ಬದುವಿನ ಮೇಲೆ ಕೂತಾಗ ಹೊಳೆಯಿತು: 20 ಮಿಲಿಸೆಕೆಂಡಿಗೆ ಒಂದು ಪೊಟ್ಟಣ ಅಂದರೆ ಸೆಕೆಂಡಿಗೆ 50. ಪ್ರತಿ ಸಲ ರೇಡಿಯೊ ಕರೆಂಟ್ ಜಗ್ಗಿದಾಗ ವೋಲ್ಟೇಜ್ ಕುಸಿದು ಸ್ಪೀಕರಿನಲ್ಲಿ ಕೇಳುತ್ತಿತ್ತು. ಬೋರ್ಡಿಗೆ 3.3 ವೋಲ್ಟ್ ಕೊಡುವ ಎಎಂಎಸ್1117 ರೆಗ್ಯುಲೇಟರ್ ತೆಗೆದೆ. ಅದಕ್ಕೆ ಒಂದು ವೋಲ್ಟಿನಷ್ಟು ಹೆಚ್ಚುವರಿ ಬೇಕು, 3.7 ವೋಲ್ಟ್ ಸೆಲ್ಲಿನಿಂದ 3.3 ಸರಿಯಾಗಿ ಬರುವುದೇ ಇಲ್ಲ. ಎಪಿ2112 ಹಾಕಿದೆ, ಆಂಪ್ಲಿಫೈಯರಿನ ಬುಡದಲ್ಲಿ 470 ಮೈಕ್ರೋಫ್ಯಾರಡ್ ಕೆಪ್ಯಾಸಿಟರ್, ನೆಲದ ತಂತಿ ಬೇರೆ. ಗುಂಯ್ ಹೋಯಿತು.

ಇಯರ್‌ಮಫ್‌ಗೆ ವಾಯರಿಗೆಂದು ಕೊರೆದ ತೂತನ್ನು ಹಾಗೇ ಬಿಟ್ಟಿದ್ದೆ. ಅದರಿಂದ ರೋಲರಿನ ದಪ್ಪ ಸದ್ದು ಒಳಗೆ ಬಂತು. ಎಪಾಕ್ಸಿ ತುಂಬಿದೆ. ಮಿಲ್ ಮಾಲೀಕರು ಮೊದಲ ದಿನವೇ “ಸೌಂಡ್ ಇನ್ನಾ ಏರ್ಸರಿ” ಅಂದಿದ್ದರು. ನಾನು ಒಪ್ಪಲಿಲ್ಲ. ಹೊರಗೆ 97, ಮಫ್ ಸರಿ ಕೂತು 20 ತಡೆದರೆ ಒಳಗೆ 77. ಮಾತು ಅದಕ್ಕಿಂತ ಎಂಟು ಹತ್ತು ಮೇಲಿದ್ದರೆ ಸ್ಪಷ್ಟ ಕೇಳುತ್ತದೆ, 87ರ ಆಸುಪಾಸು. ತೂತು ಬಿಟ್ಟು ಸ್ಪೀಕರ್ ಏರಿಸಿದರೆ ಮಿಲ್ಲಿನ ಗದ್ದಲದ ಜೊತೆ ನನ್ನದೂ ಕಿವಿಗೆ ಹೊಡೆಯುತ್ತದೆ. ಆಂಪ್ಲಿಫೈಯರಿಗೆ ಮಿತಿ ಹಾಕಿ, ಏರಿಸುವ ಗುಂಡಿಯನ್ನೇ ಇಡಲಿಲ್ಲ. ನನ್ನ ಎಡಗಿವಿ ರಾತ್ರಿ ಹೊತ್ತು ಸೀಟಿ ಹೊಡೆಯುತ್ತದೆ. ಜಾತ್ರೆಯ ಸ್ಪೀಕರ್ ಬುಡದಲ್ಲಿ ನಿಂತ ವರ್ಷಗಳ ಬಡ್ಡಿ ಅದು.

ಶಬ್ದಗಳು

ಪೆಟ್ಟಿಗೆ ಸರಿಯಾಯಿತು ಅಂದುಕೊಂಡ ದಿನ ಕೆಳಗಿನವನು “ಎತ್ತು” ಅಂದ, ಮೇಲಿನವನು “ಹತ್ತು” ಅಂತ ಕೇಳಿ ಹತ್ತು ಚೀಲ ಅಂತ ಬರೆದುಕೊಂಡು ಸುಮ್ಮನೆ ಕೂತ. ನಮ್ಮ ಕಡೆ ಹಕಾರ ಗಾಳಿಗೆ ಹೋಗುವ ಅಕ್ಷರ, ಗದ್ದಲದಲ್ಲಿ ಕೇಳುವುದೇ ಇಲ್ಲ, ಕಿವಿ ತನಗೆ ಬೇಕಾದಲ್ಲಿ ಸೇರಿಸಿಕೊಳ್ಳುತ್ತದೆ. ‘ನಿಲ್ಲು’ ಇನ್ನೂ ಅಪಾಯ. ನಕಾರ ಕಳಚಿದರೆ ‘ಇಲ್ಲ’. ಎಲಿವೇಟರ್ ನಿಲ್ಲಿಸು ಅಂದರೆ ‘ಇಲ್ಲ, ನಡೀಲಿ’ ಅಂತ ತಿಳಿದರೆ ಯಾರದೋ ಕೈ ಹೋದೀತು.

ಅಳಿಯನಿಗೆ ಫೋನ್ ಹಚ್ಚಿದೆ. “ಮಾಮಾ, ನಮ್ಮಲ್ಲಿ ಅದಕ್ಕೇ ಮಾತೆಲ್ಲ ಮೊದಲೇ ಗಟ್ಟಿ ಮಾಡಿಟ್ಟಾರ” ಅಂದ. ರೇಡಿಯೊದಲ್ಲಿ ನೈನ್ ಅನ್ನದೆ ‘ನೈನರ್’, ಫೈವ್ ಅನ್ನದೆ ‘ಫೈಫ್’. ಟೇಕಾಫ್ ಎಂಬ ಶಬ್ದವನ್ನು ಟೇಕಾಫ್‌ಗೆ ಅಪ್ಪಣೆ ಕೊಡುವಾಗ ಅಥವಾ ರದ್ದು ಮಾಡುವಾಗ ಬಿಟ್ಟು ಬೇರೆಲ್ಲೂ ಬಳಸುವಂತಿಲ್ಲ, ಅದಕ್ಕೆ ಮುಂಚೆ ಏನಿದ್ದರೂ ‘ಡಿಪಾರ್ಚರ್’. ಓಡುತ್ತಿರುವ ವಿಮಾನವನ್ನು ತಡೆಯಬೇಕಾದರೆ ‘ಸ್ಟಾಪ್ ಇಮೀಡಿಯೆಟ್ಲಿ’ ಅಂತ ಎರಡು ಸಲ. ಕೇಳಿದವನು ಮುಖ್ಯ ಮಾತನ್ನು ತಿರುಗಿ ಒಪ್ಪಿಸಬೇಕು.

ಮಿಲ್ಲಿನವರನ್ನು ಕೂರಿಸಿಕೊಂಡು ನಾವೂ ಮಾಡಿದೆವು. ಎತ್ತು ಹೋಗಿ ‘ಮ್ಯಾಲ’, ಇಳಿಸು ಹೋಗಿ ‘ಕೆಳಗ’. ನಿಲ್ಲುಗೆ ಮಿಸ್ತ್ರಿಯೇ ‘ಬಂದ್’ ಸೂಚಿಸಿದ. ಮರುದಿನ ಲಾರಿಯವನು ಖುಷಿಯಿಂದ “ಲಾರಿ ಬಂತ್, ಬಂತ್” ಅಂದದ್ದಕ್ಕೆ ಎಲಿವೇಟರ್ ನಿಂತುಹೋಯಿತು. ಈಗ ‘ಸ್ಟಾಪ್ ಸ್ಟಾಪ್’. ಸಕಾರ ಬಿದ್ದುಹೋದರೂ ‘ಟಾಪ್ ಟಾಪ್’ ಅಂತ ಕೇಳುವ ಬೇರೆ ಶಬ್ದ ಮಿಲ್ಲಿನಲ್ಲಿಲ್ಲ. ಚೀಲದ ಎಣಿಕೆಯಲ್ಲಿ ಒಂಬತ್ತು, ಎಂಬತ್ತು, ತೊಂಬತ್ತು ಮೂರೂ ಒಂದೇ ಬಾಲದವು. ಅದಕ್ಕೆ ಅಂಕಿ ಬಿಡಿಸಿ ಹೇಳುವುದು: ‘ಎಂಟು ಸೊನ್ನೆ’, ‘ಒಂಬತ್ತು ಸೊನ್ನೆ’. ತಿರುಗಿ ಒಪ್ಪಿಸುವುದಕ್ಕೆ ಹಮಾಲರು ಮೊದಲು ನಕ್ಕರು. “ಸಾಲ್ಯಾಗ ಮಗ್ಗಿ ಹೇಳ್ದಂಗ ಆಯ್ತಲ್ರಿ” ಅಂದರು. ಲೆಕ್ಕ ತಪ್ಪಿ ಕೂಲಿ ಕಡಿಮೆಯಾಗುವುದು ನಿಂತ ಮೇಲೆ ನಗು ನಿಂತಿತು.

ಈಗಿನ ಸ್ಥಿತಿ

ಮೂರು ಸೆಟ್ ನಾಲ್ಕು ವಾರದಿಂದ ನಡೆದಿವೆ. ಮೈಕಿನ ಸ್ಪಂಜು ತೊಗರಿ ಧೂಳಿಗೆ ಎರಡು ದಿನಕ್ಕೊಮ್ಮೆ ತೊಳೆಯಬೇಕು. ಕನ್ನಡಕದ ಕಡ್ಡಿ ಮಫ್‌ನ ಮೆತ್ತೆ ಎತ್ತಿ ಗದ್ದಲ ಒಳಗೆ ಬಿಡುತ್ತದೆ, ಅದಕ್ಕಿನ್ನೂ ಉಪಾಯ ಸಿಕ್ಕಿಲ್ಲ. ಬೋರ್ಡುಗಳ ಗಡಿಯಾರ ಒಂದಕ್ಕೊಂದು ಕೂದಲೆಳೆ ಹಿಂದೆ ಮುಂದೆ ಓಡುತ್ತವೆ, ಆದರೆ ಪ್ರತಿ ಸಲ ಬಾಗಿಲು ತೆರೆದಾಗ ಲೆಕ್ಕ ಹೊಸದಾಗಿ ಶುರುವಾಗುವುದರಿಂದ ತೊಂದರೆ ಕಾಣಲಿಲ್ಲ.

ಹೋದ ಶನಿವಾರ ಎಲಿವೇಟರ್ ತಗ್ಗಿನ ಬಳಿಯವನ ಬ್ಯಾಟರಿ ನಡು ಮಧ್ಯಾಹ್ನ ಸತ್ತಿತು. ಅವನಿಗೇ ತಿಳಿಯಲಿಲ್ಲ. ಮಫ್ ಒಳಗೆ ಮೌನ ಅಂದರೆ ಯಾರೂ ಮಾತಾಡುತ್ತಿಲ್ಲ ಅಂದುಕೊಂಡಿದ್ದ. ಬೆಲ್ಟಿಗೆ ಚೀಲ ಸಿಕ್ಕಾಗ ಎರಡು ಸಲ ‘ಸ್ಟಾಪ್’ ಅಂದು, ಉತ್ತರ ಬಾರದ್ದಕ್ಕೆ ಎರಡೂ ಕೈಯನ್ನು ತಲೆಯ ಮೇಲೆ ಅಡ್ಡ ಹಿಡಿದ. ವಿಮಾನ ನಿಲ್ಲಿಸುವ ಸನ್ನೆ, ಅಳಿಯ ಬಂದಾಗ ತಮಾಷೆಗೆ ಕಲಿಸಿದ್ದು. ಮಿಸ್ತ್ರಿ ಮೇಲಿನಿಂದ ಕಂಡು ಸ್ವಿಚ್ ಇಳಿಸಿದ. ಈಗ ಸೆಲ್ 3.5 ವೋಲ್ಟಿಗೆ ಇಳಿದರೆ ಕಿವಿಯಲ್ಲಿ ಅರ್ಧ ನಿಮಿಷಕ್ಕೊಮ್ಮೆ ಎರಡು ಟಿಕ್ ಬರುವಂತೆ ಮಾಡಿದ್ದೇನೆ. ಉಳಿದ ಸೆಟ್ಟುಗಳ ಸದ್ದು ಹತ್ತು ಸೆಕೆಂಡ್ ತಪ್ಪಿದರೆ ಬೇರೆ ಟಿಕ್. ಅದಕ್ಕೆ ಬೇಕಾದ ಇರುವಿಕೆಯ ಗುರುತನ್ನು ಸೆಟ್ಟುಗಳು ಸುಮ್ಮನಿದ್ದಾಗಲೂ ಸೆಕೆಂಡಿಗೊಮ್ಮೆ ಕಳಿಸುತ್ತಿರಬೇಕು, ಆ ಕೋಡು ಈ ವಾರದ ಕೆಲಸ.